ಕಂಪ್ಯೂಟರಿನ ಕೀಲಿಕೈ



ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ. ಒಂದು ಕ್ಯಾಶಿಯರ್ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ. ಎರಡೂ ಕೂಡಿದರೇ ಬಾಗಿಲು ತೆರೆಯುವುದು. ಊಟಕ್ಕೆ ಹೋಗುವಾಗ ಆ ಕೀಲಿಕೈಯನ್ನು ಮೇಜಿನ ಮೇಲೆ ಬಿಟ್ಟುಹೋದವರನ್ನು ನನ್ನ ನೌಕರಿಯಲ್ಲಿ ನಾನು ಕಂಡಿಲ್ಲ. ಆದರೆ ಕಂಪ್ಯೂಟರ್ ಬಂದ ಮೇಲೆ ಅದೇ ಜನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಕೆಳಗೆ ಇಟ್ಟರು. ಕೇಳಿದವರಿಗೆ ಹೇಳಿಯೂ ಕೊಟ್ಟರು. ಕೈಗೆ ಭಾರ ತಗಲದ ಕೀಲಿಗೆ ಬೆಲೆ ಕಡಿಮೆ ಎಂದುಕೊಂಡೆವೋ ಏನೋ.

ಹೀಗೆ ಕೇಳಿದವರಲ್ಲಿ ನಾನೂ ಒಬ್ಬ. ಒಂದು ಶನಿವಾರ ಪಕ್ಕದ ಕೌಂಟರಿನ ಗೆಳೆಯನಿಗೆ ಮಗಳ ಶಾಲೆಗೆ ಹೋಗಬೇಕಾಗಿತ್ತು. "ಉಳಿದ ವೋಚರು ನಾನು ಹಾಕತೀನಿ, ಪಾಸ್‌ವರ್ಡ್ ಹೇಳಿ ಹೋಗು" ಎಂದೆ. ಖಾತೆ ನಂಬರಿನ ಎರಡು ಅಂಕಿ ಅದಲುಬದಲಾಗಿ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಜಮೆಯಾಯಿತು. ಅವರು ಅದನ್ನು ತೆಗೆದುಕೊಂಡೂ ಬಿಟ್ಟರು. ವಿಚಾರಣೆಯಲ್ಲಿ ಕಂಪ್ಯೂಟರ್ ತೋರಿಸಿದ್ದು ಗೆಳೆಯನ ಹೆಸರು. ತಪ್ಪು ನನ್ನದೆಂದು ನಾನು ಬರೆದುಕೊಟ್ಟೆ. ಆದರೂ ಪಾಸ್‌ವರ್ಡ್ ಕೊಟ್ಟ ತಪ್ಪು ಅವನ ಮೇಲೆ ಉಳಿಯಿತು. ಇಬ್ಬರ ಇನ್‌ಕ್ರಿಮೆಂಟೂ ನಿಂತಿತು. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಕಂಪ್ಯೂಟರಿಗೆ ಪಾಸ್‌ವರ್ಡೇ ನಮ್ಮ ಸಹಿ. ಅದು ಒಳಗೆ ಹೇಗೆ ಇರುತ್ತದೆ ಎಂಬುದನ್ನು ತಿಳಿದರೆ ಎಂಥದ್ದನ್ನು ಇಡಬೇಕೆಂಬುದೂ ತಿಳಿಯುತ್ತದೆ. ಸರಿಯಾಗಿ ಕಟ್ಟಿದ ವ್ಯವಸ್ಥೆ ಪಾಸ್‌ವರ್ಡನ್ನು ಇದ್ದಂತೆ ಬರೆದಿಡುವುದಿಲ್ಲ. ಜೋಳ ಬೀಸಿದ ಹಾಗೆ ಬೀಸಿ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ನಾವು ಮತ್ತೆ ಪಾಸ್‌ವರ್ಡ್ ಒತ್ತಿದಾಗ ಅದನ್ನೂ ಬೀಸಿ, ಎರಡೂ ಹಿಟ್ಟು ಒಂದೇ ಆಗಿದ್ದರೆ ಒಳಗೆ ಬಿಡುತ್ತದೆ. ಹಿಟ್ಟಿನಿಂದ ಕಾಳು ಮರಳಿ ಬರುವುದಿಲ್ಲವಲ್ಲ. ಆದ್ದರಿಂದ ಹಿಟ್ಟು ಕದ್ದ ಕಳ್ಳ ತಾನೇ ಊಹಿಸಿದ ಕಾಳುಗಳನ್ನು ಬೀಸಿ ಬೀಸಿ ಹೋಲಿಸಿ ನೋಡುತ್ತಾನೆ. ಬೀಸುವ ವಿಧಾನ ಹಳೆಯದಾಗಿದ್ದರೆ ಅವನ ಯಂತ್ರ ಸೆಕೆಂಡಿಗೆ ಕೋಟಿಗಟ್ಟಲೆ ಬೀಸಬಲ್ಲದು. ಮಗನ ಹೆಸರು, ಹುಟ್ಟಿದ ಇಸವಿ, 123456, ಇವೆಲ್ಲ ಮೊದಲ ಹಿಡಿಯಲ್ಲೇ ಸಿಗುತ್ತವೆ.

ಹಿಂದೆ ಆಗಾಗ ಬದಲಿಸಿರಿ ಎನ್ನುತ್ತಿದ್ದರು. ನಾವೋ, ಕೊನೆಯ 1 ತೆಗೆದು 2 ಹಾಕುತ್ತಿದ್ದೆವು! ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲಿ, ಸೋರಿದ ಸುಳಿವಿಲ್ಲದೆ ಗಡುವು ಹಾಕಿ ಬದಲಿಸುವುದು ಬೇಡ, ಉದ್ದವೇ ಮುಖ್ಯ ಎಂದಿತು. ನಿಮ್ಮ ಕಚೇರಿಯ ನಿಯಮ ಬೇರೆಯಿದ್ದರೆ ಅದನ್ನು ಪಾಲಿಸಿರಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಶಬ್ದ ಸೇರಿಸಿದರೆ ಉದ್ದವೂ ಆಯಿತು, ನೆನಪೂ ಉಳಿಯಿತು: ಎತ್ತು, ಛತ್ರಿ, ಬೆಲ್ಲ, ಅಂಚೆ. ಇದನ್ನೇ ಇಡಬೇಡಿರಿ, ರೇಡಿಯೋದಲ್ಲಿ ಹೇಳಿಯಾಯಿತು.

ಕಚೇರಿಯ ಇಮೇಲ್ ಎಲ್ಲಕ್ಕೂ ದೊಡ್ಡ ಕೀಲಿ. ಬೇರೆ ಖಾತೆಯ ಪಾಸ್‌ವರ್ಡ್ ಮರೆತರೆ ಹೊಸದನ್ನು ಮಾಡುವ ಕೊಂಡಿ ಬರುವುದು ಅಲ್ಲಿಗೇ. ಅದು ಕಳ್ಳನ ಕೈಗೆ ಸಿಕ್ಕರೆ ಉಳಿದ ಬಾಗಿಲುಗಳೂ ಒಂದೊಂದಾಗಿ ತೆರೆಯುತ್ತವೆ. ಅದಕ್ಕಿಟ್ಟ ಪಾಸ್‌ವರ್ಡನ್ನು ಬೇರೆಲ್ಲಿಯೂ ಇಡಬೇಡಿರಿ. ಪಾಸ್‌ವರ್ಡಿನ ಜೊತೆಗೆ ಮೊಬೈಲಿನ ಅಂಕಿಯನ್ನೂ ಕೇಳುವ ಏರ್ಪಾಡು ಇದ್ದರೆ ಹಾಕಿಸಿಕೊಳ್ಳಿರಿ. ಅದು ತಿಜೋರಿಯ ಎರಡನೆಯ ಕೀಲಿ ಇದ್ದಂತೆ. ಕಂಪ್ಯೂಟರ್ ವಿಭಾಗದಿಂದ ಎಂದು ಫೋನ್ ಮಾಡಿ ಎರಡನ್ನೂ ಕೇಳುವವರಿದ್ದಾರೆ. ಸಾಹೇಬರ ಹೆಸರು ಹೇಳಿದರೂ ಕೊಡಬೇಡಿರಿ.

ಕುರ್ಚಿ ಬಿಟ್ಟು ಏಳುವಾಗ, ವಿಂಡೋಸ್ ಕಂಪ್ಯೂಟರ್ ಆಗಿದ್ದರೆ, ಕಿಟಕಿಯ ಗುರುತಿನ ಗುಂಡಿಯನ್ನೂ ಎಲ್ ಅಕ್ಷರವನ್ನೂ ಕೂಡಿಸಿ ಒತ್ತಿರಿ. ಪರದೆಗೆ ಬೀಗ ಬೀಳುತ್ತದೆ. ಎರಡು ನಿಮಿಷದ ಚಹಾಕ್ಕೆ ಹೋಗುವಾಗಲೂ ಅಷ್ಟೇ.