ಹೂ ತಿನ್ನುತ್ತಿರುವುದು ಯಾವ ಜೀವಿ? ವಿಷ ಇಡುವ ಮೊದಲು ನೋಡಬೇಕಾದ ಗುರುತುಗಳು

ಮನೆಯ ಅಂಗಳದಲ್ಲಾಗಲಿ, ಬಸದಿಯ ಹಿತ್ತಲಿನಲ್ಲಾಗಲಿ ಹೂಗಿಡ ಬೆಳೆಸುವವರಿಗೆಲ್ಲ ಒಂದಲ್ಲ ಒಂದು ದಿನ ಈ ತೊಂದರೆ ಎದುರಾಗುತ್ತದೆ. ಸಂಜೆ ಗಿಡದ ತುಂಬ ಮೊಗ್ಗು ಇರುತ್ತದೆ. ಬೆಳಿಗ್ಗೆ ಬುಟ್ಟಿ ಹಿಡಿದು ಹೋದರೆ ಎಸಳೆಲ್ಲ ತೂತು, ಕೆಲವು ಕಡೆ ಬರೀ ತೊಟ್ಟು. ಕೂಡಲೇ ಅಂಗಡಿಯಿಂದ ಇಲಿ ಪಾಷಾಣವನ್ನೋ ಕೀಟನಾಶಕವನ್ನೋ ತರುವುದು ಹಲವರ ರೂಢಿ. ಆದರೆ ಹೂ ತಿಂದದ್ದು ಬಸವನಹುಳು, ಪಾಷಾಣ ತಿಂದದ್ದು ಇಲಿ ಎಂದಾದರೆ ಹೂವೂ ಉಳಿಯುವುದಿಲ್ಲ, ಏನೂ ಮಾಡದ ಜೀವವೂ ಹೋಗುತ್ತದೆ. ಆ ಇಲಿಯನ್ನು ತಿಂದ ಗೂಬೆಗೂ ಬೆಕ್ಕಿಗೂ ವಿಷ ತಗುಲಬಹುದು. ಆದ್ದರಿಂದ ತಿಂದವರು ಯಾರೆಂದು ಮೊದಲು ತಿಳಿಯಬೇಕು. ಇದಕ್ಕೆ ಒಂದು ಟಾರ್ಚ್ ಮತ್ತು ಎರಡು ಮೂರು ದಿನಗಳ ತಾಳ್ಮೆ ಸಾಕು.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಸೂರ್ಯ ಮುಳುಗುವಾಗ ಒಂದು ಗಿಡದ ಹೂ, ಮೊಗ್ಗುಗಳನ್ನು ಎಣಿಸಿ, ಬೆಳಗಾದಾಗ ಮತ್ತೆ ಎಣಿಸಿ. ರಾತ್ರಿ ಕಡಿಮೆಯಾದರೆ ಬಸವನಹುಳು, ಇಲಿ, ಹೆಗ್ಗಣ, ಮೊಲ, ಕೆಲವು ದುಂಬಿಗಳ ಕೆಲಸವಿರಬಹುದು. ಹಗಲಿನಲ್ಲಿ ಕಡಿಮೆಯಾದರೆ ಮಂಗ, ಅಳಿಲು, ನವಿಲು, ಆಡು ಅಥವಾ ಹಗಲು ಹಾರುವ ದುಂಬಿಗಳನ್ನು ಗಮನಿಸಬೇಕು. ಗಿಡದ ಸುತ್ತ ರಂಗೋಲಿ ಪುಡಿಯನ್ನೋ ನಯವಾದ ಮರಳನ್ನೋ ತೆಳುವಾಗಿ ಉದುರಿಸಿದರೆ ಹೆಜ್ಜೆಗುರುತು ತಾನಾಗಿ ಮೂಡುತ್ತದೆ.

ಎರಡನೆಯದು, ಕಡಿದ ಜಾಗ. ಇಲಿ ಮತ್ತು ಮೊಲಗಳಿಗೆ ಮೇಲೆ ಕೆಳಗೆ ಎರಡೂ ಕಡೆ ಚೂಪಾದ ಬಾಚಿಹಲ್ಲುಗಳಿರುವುದರಿಂದ ತೊಟ್ಟು ಚಾಕುವಿನಿಂದ ಓರೆಯಾಗಿ ಕತ್ತರಿಸಿದಂತೆ ಕಾಣುತ್ತದೆ. ಹಸು, ಆಡು, ಜಿಂಕೆಗಳಿಗೆ ಮುಂದಿನ ಮೇಲ್ಹಲ್ಲುಗಳಿಲ್ಲ. ಅವು ಎಳೆದು ಹರಿಯುತ್ತವೆ, ಹಾಗಾಗಿ ತೊಟ್ಟಿನ ತುದಿ ನಾರುನಾರಾಗಿರುತ್ತದೆ. ಮೊಲ ನೆಲಕ್ಕೆ ಹತ್ತಿರದ ಹೂಗಳನ್ನು ಮಾತ್ರ ತಿನ್ನುತ್ತದೆ. ದುಂಡನೆಯ ಹಿಕ್ಕೆ ಅಲ್ಲೇ ಬಿದ್ದಿರುತ್ತದೆ. ಮಂಗ ಬಂದುಹೋದರೆ ರೆಂಬೆ ಮುರಿದು, ಅರ್ಧ ಕಚ್ಚಿದ ಹೂಗಳು ಚೆಲ್ಲಾಡಿರುತ್ತವೆ.

ಮಳೆಗಾಲದಲ್ಲಿ ಎಸಳಿನಲ್ಲಿ ಅಂಕುಡೊಂಕಾದ ತೂತು ಇದ್ದು, ಎಲೆಯ ಮೇಲೋ ಕುಂಡದ ಮೇಲೋ ಒಣಗಿದ ಬೆಳ್ಳಿಬಣ್ಣದ ಗೆರೆ ಹೊಳೆದರೆ ಅದು ಬಸವನಹುಳುವಿನದು. ನಮ್ಮ ತೋಟಗಳಲ್ಲಿ ಹೆಚ್ಚು ಹಾನಿ ಮಾಡುವ ದೊಡ್ಡ ಬಸವನಹುಳು ಆಫ್ರಿಕಾ ಮೂಲದ್ದು. 1847ರಲ್ಲಿ ಕಲ್ಕತ್ತಾಕ್ಕೆ ತರಲಾದ ಮೇಲೆ ದೇಶದಲ್ಲಿ ಹರಡಿತು. ಹಗಲು ಕುಂಡ, ಕಲ್ಲು, ತರಗೆಲೆಗಳ ಅಡಿಯಲ್ಲಿ ಅಡಗಿರುತ್ತದೆ. ಬರಿಗೈಯಿಂದ ಮುಟ್ಟಬಾರದು, ಅದರಲ್ಲಿ ಮನುಷ್ಯರಿಗೆ ರೋಗ ತರುವ ಪರಾವಲಂಬಿಗಳಿರಬಹುದು.

ಮೊಗ್ಗಿನಲ್ಲಿ ದುಂಡನೆಯ ತೂತು, ಪಕ್ಕದಲ್ಲಿ ಸಾಸಿವೆಯಂತಹ ಕಪ್ಪು ಹಿಕ್ಕೆ ಇದ್ದರೆ ಒಳಗೆ ಹುಳು ಇದೆ ಎಂದರ್ಥ. ಮಲ್ಲಿಗೆ ಮೊಗ್ಗುಗಳು ಬಲೆಯಂತಹ ಎಳೆಗಳಿಂದ ಒಂದಕ್ಕೊಂದು ಅಂಟಿಕೊಂಡಿದ್ದರೂ ಹೀಗೆಯೇ. ಮಳೆ ಹಿಂದೆ ಸರಿಯುವ ತಿಂಗಳುಗಳಲ್ಲಿ ದಾಸವಾಳದ ಎಸಳುಗಳನ್ನು ಹಗಲಿನಲ್ಲೇ ತಿನ್ನುವುದು ಕಪ್ಪು ಮೈಮೇಲೆ ಕೆಂಪು ಅಥವಾ ಕಿತ್ತಳೆ ಪಟ್ಟೆಗಳಿರುವ ದುಂಬಿ. ಅದರ ರಸ ತಾಗಿದರೆ ಚರ್ಮದಲ್ಲಿ ಗುಳ್ಳೆ ಏಳುತ್ತದೆ.

ಕೆಲವು ಗುರುತುಗಳು ಹಾನಿಯವೇ ಅಲ್ಲ. ಗುಲಾಬಿ ಎಲೆಯ ಅಂಚು ಅರ್ಧ ಬಿಲ್ಲೆಯಂತೆ ಅಚ್ಚುಕಟ್ಟಾಗಿ ಕತ್ತರಿಸಿದ್ದರೆ ಅದು ಎಲೆ ಕತ್ತರಿಸುವ ಜೇನುನೊಣ. ಗೂಡು ಕಟ್ಟಲು ಒಯ್ಯುತ್ತದೆ, ಪರಾಗಸ್ಪರ್ಶವನ್ನೂ ಮಾಡುತ್ತದೆ. ದಾಸವಾಳದ ಬುಡದಲ್ಲಿ ಸಣ್ಣ ಸೀಳು ಇದ್ದರೆ ಸೂರಕ್ಕಿ ಮಕರಂದ ಕುಡಿದಿರಬಹುದು. ಇವುಗಳಿಗೆ ಯಾವ ಉಪಾಯವೂ ಬೇಕಿಲ್ಲ.

ತಿಂದವರು ತಿಳಿದ ಮೇಲೆ ಉಪಾಯ ಸುಲಭ. ಬಸವನಹುಳುವಿಗೆ ಸಂಜೆ ನೀರು ಹಾಕುವುದನ್ನು ಬಿಟ್ಟು ಬೆಳಿಗ್ಗೆ ಹಾಕುವುದು, ತರಗೆಲೆ ತೆಗೆಯುವುದು, ಕುಂಡಗಳನ್ನು ಸ್ಟ್ಯಾಂಡಿನ ಮೇಲಿಡುವುದು, ಸುತ್ತ ಒಣ ಬೂದಿಯ ಪಟ್ಟಿ ಹಾಕುವುದು. ಉಪ್ಪು ಸುರಿದರೆ ಅದು ನರಳಿ ಸಾಯುತ್ತದೆ. ಹಿಡಿದು ಪಕ್ಕದವರ ತೋಟಕ್ಕೆ ಬಿಟ್ಟರೆ ಅವರಿಗೆ ತೊಂದರೆ. ಅಡಗುವ ಜಾಗವನ್ನೇ ಇಲ್ಲವಾಗಿಸುವುದು ಮೇಲು. ಮೊಲ, ಆಡುಗಳಿಗೆ ತಂತಿ ಬಲೆ. ಇಲಿ ಬರದಂತೆ ಬಿದ್ದ ಕಾಳು, ಎಂಜಲು ತೆಗೆಯುವುದು. ದುಂಬಿಗೆ ಮೊಗ್ಗು ಅರಳುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟುವುದು. ನವಿಲಿಗೂ ಬಲೆಯ ಹೊದಿಕೆಯೇ ದಾರಿ. ಅದು ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದು ಶಿಕ್ಷಾರ್ಹ.

ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿ ತಪ್ಪುವುದಿಲ್ಲ. ಗಿಡಕ್ಕೆ ಪಾತಿ ಮಾಡುವಾಗಲೂ ಕಾಣದ ಜೀವಗಳಿಗೆ ನೋವಾಗುತ್ತದೆ. ಆದರೆ ಕೊಲ್ಲಬೇಕೆಂದೇ ವಿಷ ಇಡುವುದು ಸಂಕಲ್ಪೀ ಹಿಂಸೆ. ಶ್ರಾವಕರು ಬಿಡಬೇಕಾದದ್ದು ಅದನ್ನೇ. ಬಸವನಹುಳು ಎರಡು ಇಂದ್ರಿಯದ್ದು, ದುಂಬಿ ನಾಲ್ಕರದ್ದು, ಇಲಿ ಐದರದ್ದು ಎಂದು ಪಾಠಶಾಲೆಯ ಮಕ್ಕಳೂ ಬಲ್ಲರು. ಪೂಜೆಗೆಂದು ಬೆಳೆಸಿದ ಹೂವಿನ ನೆಪದಲ್ಲಿ ಇವುಗಳಲ್ಲಿ ಒಂದಕ್ಕೂ ವಿಷ ಹಾಕುವುದು ಸಲ್ಲದು. ನಾಲ್ಕು ಹೂ ಕಡಿಮೆಯಾದರೂ ಪೂಜೆಗೆ ಕೊರತೆಯಿಲ್ಲ.