ವಿಮಾನ ಹತ್ತುವ ಮುನ್ನ ಹೆಸರು ಸರಿ ಮಾಡಿಕೊಳ್ಳಿ

ನಿಮ್ಮ ಯಜಮಾನರಿಗೆ ವಿದೇಶದಲ್ಲಿ ಕೆಲಸ ಸಿಕ್ಕಿದೆಯೇ? ಮಗಳು ಮದುವೆಯಾಗಿ ಅಳಿಯನ ಜೊತೆ ಹೊರಡಲಿದ್ದಾಳೆಯೇ? ಹಾಗಾದರೆ ಇಷ್ಟು ಹೊತ್ತಿಗೆ ಮನೆಯಲ್ಲಿ ಸಾರಿನಪುಡಿ, ಚಟ್ನಿಪುಡಿ, ಎರಡು ಕುಕ್ಕರ್, ಒಂದು ದೋಸೆ ಹಂಚು ಎಂದು ಪಟ್ಟಿ ಬೆಳೆಯುತ್ತಿರುತ್ತದೆ. 2015ರಲ್ಲಿ ನಾನೂ ಹೀಗೇ ಹೊರಟವಳು. ಹಂಚಿಗೆ ಬಟ್ಟೆ ಸುತ್ತುವುದರಲ್ಲಿದ್ದ ಗಮನ ಕಾಗದಪತ್ರದ ಮೇಲೆ ಇರಲಿಲ್ಲ. ಅದೆಲ್ಲ ನಮ್ಮವರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿದ್ದೆ. ಆ ಫೈಲಿನಲ್ಲಿ ನನ್ನದು ಅಂತ ಏನೇನಿದೆ ಎಂದು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಇತ್ತೀಚೆಗೆ ಹಾರನಹಳ್ಳಿಯ ತವರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗಳು ಅಂಥದ್ದೇ ಒಂದು ಫೈಲ್ ಹಿಡಿದು ಬಂದಳು. ಗಂಡ ಆಗಲೇ ಅಮೆರಿಕದಲ್ಲಿದ್ದಾರೆ, ಇವಳು ಮಗುವಿನ ಜೊತೆ ಹೊರಡಬೇಕು. "ಅಕ್ಕಾ, ಇಷ್ಟು ಸಾಕಲ್ವಾ ನೋಡು" ಎಂದಳು. ಪಾಸ್‌ಪೋರ್ಟ್ ತೆರೆದೆ. ಸರ್‌ನೇಮ್ ಕಾಲಂ ಖಾಲಿ! ಹತ್ತು ವರ್ಷದ ಹಿಂದಿನ ನನ್ನ ಪಾಸ್‌ಪೋರ್ಟನ್ನೇ ನೋಡಿದ ಹಾಗಾಯಿತು.

ನಮ್ಮ ಕಡೆ ಸರ್‌ನೇಮ್ ಎಲ್ಲಿದೆ ಹೇಳಿ? ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇದ್ದರೆ ಮುಗಿಯಿತು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ 'ಎಚ್. ಆರ್.' ಇದೆ. ಎಚ್ ಎಂದರೆ ಹಾರನಹಳ್ಳಿ, ಆರ್ ಎಂದರೆ ಅಪ್ಪ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ನನ್ನ ಅರ್ಜಿ ತುಂಬಿದವರು ಆ ಗೋಜೇ ಬೇಡವೆಂದು ಬರೀ ಹೆಸರು ಹಾಕಿ ಸರ್‌ನೇಮ್ ಖಾಲಿ ಬಿಟ್ಟಿದ್ದರು. ಹಾಗೆ ಬಿಡಲು ಇಲ್ಲಿ ಅವಕಾಶವಿದೆ, ಪಾಸ್‌ಪೋರ್ಟೂ ಬರುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಕೂರುತ್ತದೆ. ಹೆಸರಿನ ಜಾಗದಲ್ಲಿ 'ಎಫ್ಎನ್‌ಯು' ಎಂಬ ಮೂರಕ್ಷರ ಬರುತ್ತದೆ. ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ ಅಂತ!

ನ್ಯೂಜೆರ್ಸಿಗೆ ಹೋದ ಎರಡನೇ ತಿಂಗಳು ಮಗನಿಗೆ ಜ್ವರ ಬಂದು ಕ್ಲಿನಿಕ್ಕಿಗೆ ಓಡಿದೆ. ಮಗು ಮೈಮೇಲೆ ಬಿದ್ದು ನರಳುತ್ತಿದೆ. ಕೌಂಟರಿನಾಕೆ "ಫನೂ... ಫನೂ..." ಎಂದು ನಾಲ್ಕೈದು ಸಲ ಕೂಗಿದಳು. ಯಾರೋ ಚೀನಾದವರಿರಬೇಕು ಎಂದುಕೊಂಡು ಕೂತೇ ಇದ್ದೆ. ಸರದಿ ತಪ್ಪಿತು. ಕೊನೆಗೆ ಎದ್ದು ಹೋಗಿ ಕೇಳಿದರೆ ಆ ಫನೂ ನಾನೇ! ಇನ್ಶೂರೆನ್ಸ್ ಕಾರ್ಡಿನಲ್ಲಿ ನನ್ನ ಹೆಸರು ಇನ್ನೊಂದು ರೀತಿ ಇತ್ತು. ನಮ್ಮವರ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಸರ್‌ನೇಮ್ ಆಗಿ ಅವರು 'ಮಿಸ್ಟರ್ ಬೇಲೂರು' ಆಗಿದ್ದರು. ಮಗನಿಗೆ ಅಪ್ಪನ ಹೆಸರು ಸರ್‌ನೇಮ್. ನನಗೆ ಏನೂ ಇಲ್ಲ. ಒಂದೇ ಮನೆಯ ಮೂವರಿಗೆ ಮೂರು ತರಹ. "ನೀವು ಮಗುವಿನ ತಾಯಿಯೇ?" ಎಂದು ಆಕೆ ಕೇಳಿದ್ದು ತಪ್ಪೇನಲ್ಲ. ಆದರೆ ಜ್ವರದ ಮಗುವನ್ನು ಎತ್ತಿಕೊಂಡು ಆ ಪ್ರಶ್ನೆಗೆ ಉತ್ತರ ಕೊಡುವ ಕಷ್ಟ ಇದೆಯಲ್ಲ, ಅದು ನಿಮಗೆ ಬೇಡ.

ನಮ್ಮೂರಿನ ಹೊಯ್ಸಳ ದೇವಸ್ಥಾನ ಕಟ್ಟಿಸಿದ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಅಣ್ಣತಮ್ಮಂದಿರ ಹೆಸರು ಹೆಚ್ಚುಕಡಿಮೆ ಎಂಟುನೂರು ವರ್ಷದಿಂದ ಹಾಗೇ ಉಳಿದುಬಂದಿದೆ. ನಮ್ಮ ಹೆಸರು ಮಾತ್ರ ಕಚೇರಿಯಿಂದ ಕಚೇರಿಗೆ ಬದಲಾಗುತ್ತದೆ!

ಮೊದಲು ಏನು ಮಾಡಬೇಕು?

ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಮದುವೆ ಪ್ರಮಾಣಪತ್ರ, ಪಾಸ್‌ಪೋರ್ಟ್ ಐದನ್ನೂ ಒಂದು ಮಧ್ಯಾಹ್ನ ಮೇಜಿನ ಮೇಲೆ ಸಾಲಾಗಿ ಇಡಿ. ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ಕೂಡಿಸಿ ನೋಡಿ. 'ಎ' ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಇರುತ್ತದೆ. ಯಾವುದಾದರೂ ಒಂದು ರೂಪವನ್ನು ಗಟ್ಟಿ ಮಾಡಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರೋ, ಗಂಡನ ಹೆಸರೋ, ಊರೋ ಎಂಬುದು ನಿಮ್ಮ ಇಷ್ಟ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಲೇಬೇಕು ಎಂಬ ನಿಯಮ ಇಲ್ಲ. ನನ್ನನ್ನು ಕೇಳಿದರೆ ಅಪ್ಪನ ಹೆಸರೇ ವಾಸಿ. ಓದಿದ ದಾಖಲೆಗಳಲ್ಲೆಲ್ಲ ಅದು ಇನಿಷಿಯಲ್ ಆಗಿ ಆಗಲೇ ಇರುತ್ತದಲ್ಲ!

ಪಾಸ್‌ಪೋರ್ಟ್ ತಿದ್ದುಪಡಿ ಎಂದರೆ 'ರೀ-ಇಶ್ಯೂ' ಅರ್ಜಿ. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ. ತತ್ಕಾಲ್ ಆದರೆ ಇನ್ನೂ 2,000 ಹೆಚ್ಚು. ಮೊದಲಾಗಿದ್ದರೆ ಬೆಂಗಳೂರಿಗೇ ಹೋಗಬೇಕಿತ್ತು. 2017ರ ಜನವರಿಯಲ್ಲಿ ಮೈಸೂರಿನಿಂದ ಶುರುವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ ಆಮೇಲೆ ಹಾಸನಕ್ಕೂ ಬಂತು. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಇದನ್ನು ಮುಗಿಸಿಕೊಳ್ಳಿ. ದುಬೈ ಕಡೆ ಹೋಗುವವರಂತೂ ಮರೆಯಬೇಡಿ. ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾ ಕೊಡುವುದಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲೇ ಪ್ರಕಟಿಸಿತು.

ಮದುವೆ ನೋಂದಣಿ ಮಾಡಿಸದವರು ಈಗಲೂ ಎಷ್ಟೋ ಜನ ಇದ್ದಾರೆ. ಪಾಸ್‌ಪೋರ್ಟಿಗೆ ಅದು ಬೇಡ ಎಂದು 2016ರ ಡಿಸೆಂಬರ್‌ನಲ್ಲಿ ಸಡಿಲಿಸಿದ್ದು ನಿಜ. ಆದರೆ ಗಂಡನ ಅವಲಂಬಿತಳಾಗಿ ವೀಸಾ ಪಡೆಯಲು ಬೇಕೇ ಬೇಕು. ಲಗ್ನಪತ್ರಿಕೆ, ಮದುವೆ ಫೋಟೊ, ಮೂವರು ಸಾಕ್ಷಿಗಳ ಜೊತೆ ಉಪನೋಂದಣಾಧಿಕಾರಿ ಕಚೇರಿಗೆ ಹೋದರೆ ಆಗುತ್ತದೆ. 2024ರಿಂದ ಆನ್‌ಲೈನ್‌ನಲ್ಲೂ ಅವಕಾಶವಿದೆ. ಲಗ್ನಪತ್ರಿಕೆಯ ಒಂದು ಪ್ರತಿಯನ್ನು ಯಾವತ್ತೂ ಎತ್ತಿಡಿ.

ಇನ್ನು 'ಅಪೊಸ್ಟಿಲ್' ಎಂಬ ಮಾತು ಕಿವಿಗೆ ಬೀಳುತ್ತದೆ. ನಮ್ಮ ಸರ್ಕಾರದ ದಾಖಲೆ ಅಸಲಿ ಎಂದು ವಿದೇಶಾಂಗ ಸಚಿವಾಲಯ ಅಂಟಿಸುವ ಚೀಟಿ ಅದು. ಅದನ್ನು ಒಪ್ಪುವ ದೇಶಗಳ ಗುಂಪಿಗೆ ಭಾರತ 2005ರಲ್ಲಿ ಸೇರಿತು. ಯುಎಇ ಆ ಗುಂಪಿನಲ್ಲಿಲ್ಲದ ಕಾರಣ ಅಲ್ಲಿಗೆ ರಾಯಭಾರ ಕಚೇರಿಯ ಮೊಹರು ಬೇಕು. ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ ಮಾತ್ರ. ಮೇಲೆ ಸೇವಾ ಶುಲ್ಕ ಇರುತ್ತದೆ, ಸರಿ. ಆದರೆ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಹೇಳಲು ಕೇಳಿ.

ತಾಯಿ ಕಾರ್ಡ್ ಜೋಪಾನ

ಮಗುವಿನ ಲಸಿಕೆಯ ದಾಖಲೆಯನ್ನು ಹಗುರವಾಗಿ ಕಾಣಬೇಡಿ. ಅಲ್ಲಿ ಅದಿಲ್ಲದೆ ಶಾಲೆಗೆ ಸೇರಿಸಿಕೊಳ್ಳುವುದು ಕಷ್ಟ. ನನ್ನ ಮಗ ಹುಟ್ಟಿದ್ದು 2012ರ ಆಗಸ್ಟ್‌ನಲ್ಲಿ. ಅವನಿಗೆ ಎಂಎಂಆರ್ ಹಾಕಿಸಿದ್ದು ಹದಿನೈದು ತಿಂಗಳಿಗೆ, ನವೆಂಬರ್ 3ರಂದು. ಕಾರ್ಡಿನಲ್ಲಿ 03-11-2013 ಎಂದಿತ್ತು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವವರು. ಅದನ್ನು ಮಾರ್ಚ್ 11 ಎಂದು ಓದಿಕೊಂಡು ಏಳು ತಿಂಗಳ ಕೂಸಿಗೆ ಹಾಕಿದ್ದು ಲೆಕ್ಕಕ್ಕಿಲ್ಲ ಎಂದುಬಿಟ್ಟರು. ಒಂದು ವರ್ಷ ತುಂಬುವ ಮೊದಲು ಕೊಟ್ಟ ಎಂಎಂಆರ್ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಾವು ಒಂಬತ್ತು ತಿಂಗಳಿಗೆ ಹಾಕಿಸುವ ದಡಾರದ ಲಸಿಕೆಯೂ ಅಷ್ಟೇ. ಹೊರಡುವ ಮೊದಲು ಮಕ್ಕಳ ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿ, ಸಹಿ, ಮೊಹರು ಹಾಕಿಸಿಕೊಳ್ಳಿ. ಬಿಸಿಜಿ ಹಾಕಿಸಿದ್ದನ್ನೂ ಬರೆಸಿ. ಇಲ್ಲದಿದ್ದರೆ ಕ್ಷಯದ ಚರ್ಮ ಪರೀಕ್ಷೆಯಲ್ಲಿ ಕೈ ಊದಿಕೊಂಡು ಗಾಬರಿಯಾಗುತ್ತದೆ. ರಕ್ತ ಪರೀಕ್ಷೆ ಮಾಡಿ ಎಂದು ನೀವೇ ಕೇಳಬಹುದು. ಬಿಸಿಜಿಯಿಂದ ಅದಕ್ಕೆ ಗೊಂದಲವಿಲ್ಲ.

ಅಂದ ಹಾಗೆ, ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರಿದೆಯೇ? ಬರೀ 'ಗಂಡು', 'ಹೆಣ್ಣು' ಎಂದು ಬಿಟ್ಟಿದ್ದರೆ ಇವತ್ತೇ ಸೇರಿಸಿ.

ಇಳಿದ ಮೊದಲ ವಾರ

ಅಮೆರಿಕಕ್ಕೆ ಎಚ್-4 ವೀಸಾದಲ್ಲಿ ಹೋಗುವ ನಮ್ಮಂಥವರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗುವುದಿಲ್ಲ. ಗ್ರೀನ್ ಕಾರ್ಡಿನ ದಾರಿಯಲ್ಲಿ ಒಂದು ಹಂತ ದಾಟಿದವರ ಹೆಂಡತಿಯರಿಗೆ 2015ರ ಮೇ ತಿಂಗಳಿಂದ ಕೆಲಸದ ಪರವಾನಗಿ ಕೊಡತೊಡಗಿದರು. ಅದು ಸಿಕ್ಕರೆ ನಂಬರೂ ಸಿಗುತ್ತದೆ. ಅಲ್ಲಿಯವರೆಗೆ ಎಲ್ಲವೂ ಗಂಡನ ಹೆಸರಿನಲ್ಲೇ ಆಗಿಬಿಡುತ್ತದೆ. ಮನೆ ಬಾಡಿಗೆ ಕರಾರು ಅವರದು, ಕರೆಂಟ್ ಬಿಲ್ ಅವರದು, ಬ್ಯಾಂಕ್ ಅವರದು. ಇದರಲ್ಲಿ ಅವರ ತಪ್ಪಿಲ್ಲ, ಅದು ಸುಲಭ ಅಷ್ಟೇ. ಆದರೆ ಆರು ತಿಂಗಳು ಕಳೆದು ಡ್ರೈವಿಂಗ್ ಲೈಸೆನ್ಸಿಗೆ ಹೋದಾಗ "ಈ ವಿಳಾಸದಲ್ಲಿ ನೀವಿದ್ದೀರಿ ಎಂಬುದಕ್ಕೆ ದಾಖಲೆ ಕೊಡಿ" ಎಂದರೆ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ನ್ಯೂಜೆರ್ಸಿಯಲ್ಲಿ ಗುರುತಿನ ದಾಖಲೆಗಳಿಗೆ ಅಂಕ ಕೊಟ್ಟು ಆರು ಅಂಕ ಕೂಡಿಸುವ ಪದ್ಧತಿ. ನಾನು ಮೂರು ಸಲ ವಾಪಸು ಬಂದೆ.

ಅದಕ್ಕೇ ಹೇಳುವುದು, ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರೂ ಇರಲಿ. ಒಂದಾದರೂ ಬಿಲ್ ನಿಮ್ಮ ಹೆಸರಿಗೆ ಬರಲಿ. ಬ್ಯಾಂಕ್ ಖಾತೆ ಜಂಟಿಯಾಗಿರಲಿ. ಪಾಸ್‌ಪೋರ್ಟ್ ಮತ್ತು ವಿಳಾಸದ ದಾಖಲೆ ಇದ್ದರೆ ಆ ನಂಬರ್ ಇಲ್ಲದೆಯೂ ಖಾತೆ ತೆರೆಯುವ ಬ್ಯಾಂಕುಗಳು ಎಷ್ಟೋ ಇವೆ. ಆದಾಯ ತೆರಿಗೆ ಲೆಕ್ಕ ಸಲ್ಲಿಸುವಾಗ ನಿಮಗೆ 'ಐಟಿಐಎನ್' ಎಂಬ ನಂಬರಿಗೆ ಅರ್ಜಿ ಹಾಕಿಸಿ. ಇಳಿದ ಕೂಡಲೇ 'ಐ-94' ಎಂಬ ಆಗಮನದ ದಾಖಲೆಯನ್ನು ಆನ್‌ಲೈನ್‌ನಲ್ಲಿ ತೆಗೆದು ಹೆಸರು, ತಾರೀಖು ಸರಿಯಿದೆಯೇ ನೋಡಿ ಮುದ್ರಿಸಿಕೊಳ್ಳಿ. ಮನೆ ಬದಲಿಸಿದರೆ ಹತ್ತು ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಇದು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ.

ಜರ್ಮನಿಯಲ್ಲಿರುವ ನನ್ನ ನಾದಿನಿ ಹೇಳುವ ಪ್ರಕಾರ ಅಲ್ಲಿ ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. 'ಆನ್‌ಮೆಲ್ಡುಂಗ್' ಅಂತಾರೆ. ಮನೆ ಮಾಲೀಕರ ಪತ್ರ ಬೇಕು. ತೆರಿಗೆ ನಂಬರು ಬರುವುದು ಆ ನೋಂದಣಿ ಆದ ಮೇಲೆಯೇ.

ಇನ್ನೊಂದು ಮಾತು. ನಿಮ್ಮ ಪಾಸ್‌ಪೋರ್ಟ್ ನಿಮ್ಮ ಕೈಗೆ ಸಿಗುವ ಜಾಗದಲ್ಲಿರಲಿ. ಎಲ್ಲ ಮನೆಗಳೂ ಒಂದೇ ತರಹ ಇರುವುದಿಲ್ಲ. ಕಷ್ಟದಲ್ಲಿರುವ ನಮ್ಮ ಕಡೆಯ ಹೆಣ್ಣುಮಕ್ಕಳಿಗಾಗಿ ನ್ಯೂಜೆರ್ಸಿಯಲ್ಲಿ 1985ರಲ್ಲೇ 'ಮಾನವಿ' ಎಂಬ ಸಂಸ್ಥೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಊರಿನ ತೋಟ, ನಿಮ್ಮ ಸಹಿ

ಊರಿನಲ್ಲಿ ಬಿಟ್ಟುಹೋಗುವುದೂ ಇದೆಯಲ್ಲ! ಬ್ಯಾಂಕಿಗೆ ತಿಳಿಸಿ ನಿಮ್ಮ ಉಳಿತಾಯ ಖಾತೆಯನ್ನು 'ಎನ್‌ಆರ್‌ಒ' ಖಾತೆಗೆ ಬದಲಾಯಿಸಬೇಕು. ಮೊಬೈಲ್ ಸಿಮ್ ಜೀವಂತ ಇರಲಿ. ಓಟಿಪಿ ಬರುವುದು ಅದಕ್ಕೇ. ರೀಚಾರ್ಜ್ ಇಲ್ಲದೆ ಅದು ಸತ್ತರೆ ಆಧಾರ್, ಬ್ಯಾಂಕ್ ಎಲ್ಲ ಬಾಗಿಲು ಹಾಕಿಕೊಂಡ ಹಾಗೆ. ಗ್ಯಾಸ್, ಪಡಿತರ ಚೀಟಿಯ ವಿಷಯ ಅತ್ತೆ ಮನೆಯವರಿಗೆ ಹೇಳಿ ಹೊರಡಿ.

2018ರಲ್ಲಿ ಅಪ್ಪ ತೀರಿಕೊಂಡರು. ಹನ್ನೊಂದನೇ ದಿನಕ್ಕೆ ಬಂದು ಹೋದೆ. ಎರಡು ತಿಂಗಳಿಗೆ ತಮ್ಮನ ಫೋನು. "ಅಕ್ಕಾ, ತೆಂಗಿನ ತೋಟದ ಪೌತಿ ಖಾತೆ ಆಗಬೇಕು. ನೀನು ಎಲ್ಲದಕ್ಕೂ ನನಗೊಂದು ಜನರಲ್ ಪವರ್ ಕೊಟ್ಟುಬಿಡು, ಮತ್ತೆ ಮತ್ತೆ ನಿನಗ್ಯಾಕೆ ತೊಂದರೆ." ಅವನು ಕೆಟ್ಟವನಲ್ಲ. ಆದರೂ ಎರಡು ರಾತ್ರಿ ನಿದ್ದೆ ಬರಲಿಲ್ಲ. ಜನರಲ್ ಪವರ್ ಎಂದರೆ ಮಾರುವುದಕ್ಕೂ ನಾನೇ ಸಹಿ ಹಾಕಿದ ಹಾಗೆ. ಕೊನೆಗೆ ಪೌತಿ ಖಾತೆಯ ಕೆಲಸಕ್ಕೆ ಮಾತ್ರ ಎಂದು ಬರೆಸಿ ವಿಶೇಷ ಅಧಿಕಾರ ಪತ್ರ ಮಾಡಿಸಿದೆ. ಅಲ್ಲಿನ ಭಾರತೀಯ ಕಾನ್ಸುಲೇಟಿನ ದೃಢೀಕರಣ ಪಡೆದು ಮೂಲ ಪ್ರತಿಯನ್ನೇ ಕೊರಿಯರ್ ಮಾಡಿದೆ. ವಿದೇಶದಲ್ಲಿ ಬರೆದ ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಅಮೆರಿಕದಲ್ಲಿ 2020ರಿಂದ ಈ ಅರ್ಜಿಗಳು ವಿಎಫ್‌ಎಸ್ ಮೂಲಕ ಹೋಗುತ್ತವೆ.

ಅಲ್ಲೂ ಹೆಸರೇ ಅಡ್ಡ ಬಂತು. ವಂಶವೃಕ್ಷಕ್ಕೆ ಮನೆಯವರು ಬರೆಸಿದ್ದು ನನ್ನನ್ನು ಕರೆಯುವ ಮುದ್ದಿನ ಹೆಸರು. ಅಧಿಕಾರ ಪತ್ರದಲ್ಲಿದ್ದದ್ದು ಪಾಸ್‌ಪೋರ್ಟಿನ ಒಂಟಿ ಹೆಸರು. ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಿ ಮತ್ತೆ ಕಳಿಸಬೇಕಾಯಿತು. ನಾಲ್ಕು ತಿಂಗಳು ಹೆಚ್ಚು ಹಿಡಿಯಿತು. ತಮ್ಮ ಅಷ್ಟು ದಿನವೂ ಸರಿಯಾಗಿ ಮಾತಾಡಲಿಲ್ಲ. ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನದ ದುಡ್ಡು ಕಳಿಸಿದವಳು ನಾದಿನಿಯೇ ಹೊರತು ಅವನಲ್ಲ. ಈಗ ಪಹಣಿಯಲ್ಲಿ ಅಮ್ಮನದು, ಅವನದು, ನನ್ನದು ಮೂರೂ ಹೆಸರು ಇವೆ. ಕಾಯಿ ಕೆಡವಿದಾಗ ಅವನೇ ಫೋನ್ ಮಾಡುತ್ತಾನೆ.

ತೋಟ ಇರುವವರು ಇದೊಂದು ತಿಳಿದುಕೊಂಡಿರಿ. ಅನಿವಾಸಿಯಾದ ಮೇಲೆ ಕೃಷಿ ಜಮೀನು ಕೊಳ್ಳಲು ಬರುವುದಿಲ್ಲ. ದಾನಪತ್ರದಲ್ಲಿ ಪಡೆಯಲೂ ಬರುವುದಿಲ್ಲ. ಆದರೆ ಅಪ್ಪ ಅಮ್ಮನ ನಂತರ ವಾರಸುದಾರಳಾಗಿ ಬರುವ ಪಾಲಿಗೆ ಅಡ್ಡಿಯಿಲ್ಲ. ವಿದೇಶದಲ್ಲಿದ್ದೀರಿ ಎಂಬ ಕಾರಣಕ್ಕೆ ಅದು ತಪ್ಪುವುದಿಲ್ಲ.

ಚಿಕ್ಕಪ್ಪನ ಮಗಳು ಅರ್ಜಿ ಹಾಕಿ ಹಾಸನಕ್ಕೆ ಹೋಗಿ ಬಂದಳು. ಹೊಸ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂದಿದೆ. ಸರ್‌ನೇಮ್ ಕಾಲಂನಲ್ಲಿ ಚಿಕ್ಕಪ್ಪನ ಹೆಸರು. ಅದನ್ನು ಫೋಟೊ ತೆಗೆದು ನನಗೆ ಕಳಿಸಿ, ಜೊತೆಗೆ ಕೇಳಿದ್ದಾಳೆ: "ಅಕ್ಕಾ, ಪಾಪುದು ತಾಯಿ ಕಾರ್ಡ್ ಎಲ್ಲೂ ಕಾಣ್ತಿಲ್ಲ, ಏನ್ಮಾಡ್ಲಿ?" ಹೆರಿಗೆಯಾದ ಆಸ್ಪತ್ರೆಗೆ ಮತ್ತು ಊರಿನ ಆಶಾ ಕಾರ್ಯಕರ್ತೆಯ ಬಳಿಗೆ ನಾಳೆಯೇ ಹೋಗು, ಅವರ ರಿಜಿಸ್ಟರಿನಲ್ಲಿ ಇರುತ್ತದೆ ಎಂದಿದ್ದೇನೆ.