ಊದುಗೊಳವೆಯಿಂದ ಹೊರಟ ಉಸಿರಿನ ಕಥೆ

ಮೂರು ಗಂಟೆ, ಇಪ್ಪತ್ತು ವರ್ಷ. ಗುಣಿಸಿ. ಬಂದದ್ದು 60.

ಇಷ್ಟೇ ಲೆಕ್ಕ! ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಸೌದೆ ಒಲೆಯ ಮುಂದೆ ಕೂತವಳ ಎದೆಯೊಳಗೆ ಏನಾಗಿರಬಹುದು ಎಂಬುದರ ಸುಳಿವು ಆ ಒಂದು ಸಂಖ್ಯೆಯಲ್ಲಿದೆ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಅಧ್ಯಯನ ಮಾಡಿದ ವೈದ್ಯರು ಇದನ್ನು 2013ರಲ್ಲಿ ಪ್ರಕಟಿಸಿದರು. ಒಲೆಯ ಮುಂದಿನ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ 60 ಮುಟ್ಟಿದರೆ, ತಿಂಗಳುಗಟ್ಟಲೆ ಕಫ ಕೆಮ್ಮಿಸುವ ಬ್ರಾಂಕೈಟಿಸ್ ಕಾಯಿಲೆಯ ನಂಟು ಎದ್ದು ಕಾಣುತ್ತದೆ ಎಂದರು. ಬೀಡಿ ಮುಟ್ಟದ, ಸಿಗರೇಟು ನೋಡದ ಹೆಂಗಸರಿಗೂ ಧೂಮಪಾನಿಗಳ ಕಾಯಿಲೆ ಏಕೆ ಬರುತ್ತದೆ ಎಂಬ ಒಗಟು ಅಡುಗೆಮನೆಯಲ್ಲೇ ಬಿಡಿಸಿಕೊಂಡಿತು!

ಈ ಲೆಕ್ಕ ತಿಳಿದ ಮೇಲೆ ಉತ್ತರ ಕನ್ನಡದ ಜೊಯಿಡಾದ ಮನೆಗಳು ಕಣ್ಣಿಗೆ ಬೇರೆಯಾಗಿಯೇ ಕಾಣುತ್ತವೆ. ಕಾಳಿ ಕೊಳ್ಳದ ಕಾಡಿನಲ್ಲಿ ದೂರದೂರಕ್ಕೆ ಚದುರಿದ ಊರುಗಳು. ಮಳೆ ಹಿಡಿದರೆ ಬಿಡದ ತಿಂಗಳುಗಳು. ಸೌದೆ ತೇವವಾದರೆ ಉರಿ ಕಡಿಮೆ, ಹೊಗೆ ಹೆಚ್ಚು. ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲ ಹಂಡೆಯ ಒಲೆ ಉರಿಯುತ್ತಲೇ ಇರುತ್ತದೆ. ಆ ಒಲೆಯ ಬದಿಗೆ, ಗೋಡೆಗೆ ಒರಗಿಸಿಟ್ಟ ಊದುಗೊಳವೆ.

ಆ ಕೊಳವೆಯನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಉಸಿರಿನ ವೈದ್ಯದ ಇಡೀ ಚರಿತ್ರೆ ಕೊಳವೆಯಿಂದ ಕೊಳವೆಗೆ ಹರಿದು ಬಂದಿದೆ ಎಂದರೆ ನಂಬುತ್ತೀರಾ?

1816ರ ಪ್ಯಾರಿಸ್. ರೆನೆ ಲೇನೆಕ್ ಎಂಬ ವೈದ್ಯರು ಯುವತಿಯೊಬ್ಬಳ ಎದೆಗೆ ಕಿವಿ ಹಚ್ಚಲು ಸಂಕೋಚಪಟ್ಟು, ಕಾಗದವನ್ನು ಸುರುಳಿ ಸುತ್ತಿ ಅದರ ತುದಿಗೆ ಕಿವಿಯಿಟ್ಟರು. ಎದೆಯ ಬಡಿತ ಹಿಂದೆಂದಿಗಿಂತ ಸ್ಪಷ್ಟ! ಸ್ಟೆತೊಸ್ಕೋಪ್ ಹುಟ್ಟಿದ್ದು ಹಾಗೆ. ಇವತ್ತಿಗೂ ವೈದ್ಯರು ಅದರಲ್ಲೇ ಆಲಿಸುತ್ತಾರೆ: ಕೊಳಲಿನಂಥ ಸುಯ್‌ಸುಯ್ ಇದ್ದರೆ ಶ್ವಾಸನಾಳ ಕಿರಿದಾಗಿದೆ, ಚಿಟಪಟ ಸದ್ದಿದ್ದರೆ ಒಳಗೆ ನೀರೋ ಸೋಂಕೋ ಸೇರಿರಬಹುದು.

1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಇನ್ನೊಂದು ಕೊಳವೆ ಹಿಡಿದರು. ಊದಿದ ಗಾಳಿಯನ್ನು ನೀರಿನ ಮೇಲೆ ಮಗುಚಿದ ಪಾತ್ರೆಗೆ ಹಾಯಿಸಿ ಅಳೆಯುವ ಸ್ಪೈರೋಮೀಟರ್ ಅದು. ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ ನೋಡಿದರು. ನೂರು ವರ್ಷದ ಬಳಿಕ, 1947ರಲ್ಲಿ, ಫ್ರಾನ್ಸಿನ ಟಿಫ್ನೋ ಅದಕ್ಕೆ ಸಮಯವನ್ನು ಸೇರಿಸಿದರು. ಎಷ್ಟು ಗಾಳಿ ಬಂತು ಎನ್ನುವುದರ ಜೊತೆಗೆ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು?

ಆ ಒಂದು ಸೆಕೆಂಡು ಎಲ್ಲವನ್ನೂ ಹೇಳಿಬಿಡುತ್ತದೆ! ಎದೆ ತುಂಬ ಗಾಳಿ ಎಳೆದು, ಆರು ಸೆಕೆಂಡು ಜೋರಾಗಿ ಊದಬೇಕು. ಆರೋಗ್ಯವಂತರ ಗಾಳಿಯ ಬಹುಪಾಲು ಮೊದಲ ಸೆಕೆಂಡಿಗೇ ಹೊರಗೆ ಬಂದಿರುತ್ತದೆ. ನಾಳ ಕಿರಿದಾದವರದು ಎಳೆದೆಳೆದು ಬರುತ್ತದೆ. ಬಳಿಕ ನಾಳ ಹಿಗ್ಗಿಸುವ ಔಷಧಿ ಕೊಟ್ಟು ಮತ್ತೆ ಊದಿಸುತ್ತಾರೆ. ಉಸಿರು ಚೆನ್ನಾಗಿ ಚೇತರಿಸಿದರೆ ಅಸ್ತಮಾ ಇರುವ ಸಂಭವ ಹೆಚ್ಚು. ಔಷಧಿಯ ಬಳಿಕವೂ ಮೊದಲ ಸೆಕೆಂಡಿನ ಪಾಲು ಶೇಕಡಾ 70ಕ್ಕಿಂತ ಕೆಳಗೇ ಉಳಿದರೆ, ನಾಳ ಕಿರಿದಾಗಿಯೇ ಉಳಿಯುವ ಸಿಒಪಿಡಿ ಕಾಯಿಲೆಯ ಕಡೆ ಬೊಟ್ಟು. ವರ್ಷಗಟ್ಟಲೆ ಒಲೆಗೆ ಊದಿದವಳು ಒಮ್ಮೆ ಈ ಕೊಳವೆಗೆ ಊದಿದರೆ ಸಾಕು, ಅವಳು ನುಂಗಿದ ಹೊಗೆಯ ಪರಿಣಾಮ ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ!

ಮೂರನೆಯ ಕೊಳವೆಯ ಹಿಂದೆ ಇರುವುದು 13 ವರ್ಷದ ಹುಡುಗಿ. ಅಸ್ತಮಾ ಇದ್ದ ಅವಳು ಔಷಧಿ ಕಂಪನಿಯಲ್ಲಿದ್ದ ತಂದೆಗೆ ಕೇಳಿದಳು: ಕೂದಲಿಗೆ ಹೊಡೆಯುವ ಸ್ಪ್ರೇಯಂತೆ ನನ್ನ ಔಷಧಿ ಏಕೆ ಬರುವುದಿಲ್ಲ? 1956ರಲ್ಲಿ ಇನ್‌ಹೇಲರ್ ಮಾರುಕಟ್ಟೆಗೆ ಬಂತು. ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ. ಅದೇ ಔಷಧಿ ಇನ್‌ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ನಲವತ್ತರಲ್ಲಿ ಒಂದು ಪಾಲು! ಹೊಟ್ಟೆ, ರಕ್ತ ಸುತ್ತದೆ ನೆಟ್ಟಗೆ ಎದೆಗಿಳಿಯುವುದರಿಂದ ಇಷ್ಟೇ ಸಾಕು. ‘ಪಂಪು ಹಿಡಿದರೆ ಚಟವಾಗುತ್ತದೆ’ ಎಂಬ ಭಯಕ್ಕೂ ಆಧಾರವಿಲ್ಲ. ಇನ್‌ಹೇಲರಿನಲ್ಲಿ ದಮ್ಮು ಹತ್ತಿದಾಗ ಮಾತ್ರ ತೆಗೆದುಕೊಳ್ಳುವುದು ಒಂದು ಬಗೆ, ದಿನವೂ ತಪ್ಪದೆ ತೆಗೆದುಕೊಂಡು ಒಳಗಿನ ಊತ ಇಳಿಸುವುದು ಇನ್ನೊಂದು. ಈ ಎರಡನೆಯದನ್ನು ಬಳಸಿದ ಮೇಲೆ ಬಾಯಿ ಮುಕ್ಕಳಿಸಬೇಕು. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಜೋಡಿಸಿದರೆ ವಯಸ್ಸಾದವರಿಗೂ ಸಲೀಸು.

ನಾಲ್ಕನೆಯದು ನಮ್ಮ ಕನ್ನಡನಾಡಿನದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಗಳಿಗೆ ಕೊಟ್ಟದ್ದು ಅಸ್ತ್ರ ಒಲೆ: ಕಡಿಮೆ ಸೌದೆ, ಮತ್ತು ಹೊಗೆಯನ್ನು ಮಾಡಿನಾಚೆ ಕಳಿಸುವ ಕೊಳವೆ. ಹೊಗೆ ಎದೆಗೆ ಇಳಿಯುವ ಮುನ್ನವೇ ಅದಕ್ಕೆ ಬೇರೆ ದಾರಿ ತೋರಿಸಿದ ಚಿಕಿತ್ಸೆ ಇದು!

ನಮ್ಮೊಳಗಿನ ಶ್ವಾಸನಾಳವೂ ಒಂದು ಕೊಳವೆಯೇ ಅಲ್ಲವೇ? ಕವಲೊಡೆದು ಕವಲೊಡೆದು 30 ಕೋಟಿಗೂ ಮೀರಿದ ಗಾಳಿಗೂಡುಗಳನ್ನು ಮುಟ್ಟುತ್ತದೆ. ಆ ಗೂಡುಗಳನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಅಂಗಳ. ಸಿಒಪಿಡಿಯಲ್ಲಿ ಹಾಳಾದ ಗೂಡು ಮರಳಿ ಬರುವುದಿಲ್ಲ. ಉಳಿದದ್ದನ್ನು ಕಾಯಬಹುದು. ಅದಕ್ಕೇ ಬೇಗ ತಿಳಿಯಬೇಕು.

ಇವತ್ತೇ ನಿಮ್ಮ ತಾಯಿಯ, ಅತ್ತೆಯ, ಅಜ್ಜಿಯ ಒಲೆಯ ಲೆಕ್ಕ ಹಾಕಿ. ಗದ್ದೆಯ ಏರಿ ಹತ್ತುವಾಗ ಏದುಸಿರು ಬಂದರೆ ‘ವಯಸ್ಸಾಯ್ತು’ ಎಂದು ಬಿಡಬೇಡಿ. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಮಾಡಿಸಿ, ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಮಲಗಿದರೆ ಉಸಿರುಕಟ್ಟಿ, ಕಾಲು ಊದುತ್ತಿದ್ದರೆ ಹೃದಯವನ್ನೂ ತೋರಿಸಿ. ಒಂದು ಮಾತನ್ನು ಪೂರ್ತಿ ಆಡಲಾಗದಷ್ಟು ದಮ್ಮಿದ್ದರೆ, ತುಟಿ ನೀಲಿಯಾಗಿದ್ದರೆ ತಡ ಮಾಡದೆ 108ಕ್ಕೆ ಕರೆ ಮಾಡಿ. ಉಳಿದವರು ಜೊಯಿಡಾದ ಆಸ್ಪತ್ರೆಗೆ ಹೋಗಿ ಒಲೆಯ ಲೆಕ್ಕವನ್ನು ವೈದ್ಯರಿಗೆ ಹೇಳಿ, ಊದುವ ಪರೀಕ್ಷೆ ಬೇಕೆಂದು ಕೇಳಿ. ಅಲ್ಲಿ ಆಗದಿದ್ದರೆ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಮನೆಮಂದಿಗೆಲ್ಲ ಬೇಯಿಸಿ ಹಾಕಲು ಅಷ್ಟು ವರ್ಷ ಊದಿದವಳಿಗೆ ತನಗಾಗಿ ಒಮ್ಮೆ ಊದಲು ಆರು ಸೆಕೆಂಡು ಕೊಡಿ.